ಉದ್ಯೋಗವು ಅದೃಷ್ಟವೇ?

ಓದು ಮುಗಿಸಿದ ಮಗನೋ ಮಗಳೋ ಇರುವ ಮನೆಗೆ ನೆಂಟರು ಬಂದರೆ, ಅವರು ಕಾಲು ತೊಳೆದು ಕುಳಿತು, ಕೊಟ್ಟ ನೀರನ್ನು ಕುಡಿಯುವುದಕ್ಕೆ ಮುಂಚೆಯೇ ಕೇಳುವ ಪ್ರಶ್ನೆಯೊಂದುಂಟು: “ಎಲ್ಲಿಯಾದರೂ ಕೆಲಸವಾಯಿತೇ?” ಆಗಲಿಲ್ಲವೆಂದು ತಿಳಿದೊಡನೆ ಅವರಾಡುವ ಸಮಾಧಾನದ ಮಾತೂ ಒಂದೇ: “ಏನು ಮಾಡುವುದು, ಅದೃಷ್ಟ ಕೂಡಿಬರಬೇಕಷ್ಟೆ!” ಮಾತು ಕನಿಕರದಿಂದ ಹುಟ್ಟಿದ್ದೇ ಸರಿ. ಆದರೆ ಮೂವತ್ತೈದು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ಈಚೆಗೆ ನಿವೃತ್ತಿ ಹೊಂದಿರುವ ನಮಗೆ ಆ ಶಬ್ದವು ಕಿವಿಗೆ ಬಿದ್ದಾಗಲೆಲ್ಲ ಅದರ ಮೂಲಾರ್ಥವೇ ಮೊದಲು ಹೊಳೆಯುವುದು. ಅದೃಷ್ಟವೆಂದರೆ ಕಾಣದಿರುವುದು, ಇಷ್ಟೇ. ಕೆಲಸ ಕೇಳುವವನ ಯೋಗ್ಯತೆಯು ಕೆಲಸ ಕೊಡುವವನಿಗೆ ಕಾಣುವುದಿಲ್ಲ. ಕೆಲಸವಿರುವ ಸ್ಥಳವು ಕೇಳುವವನಿಗೆ ಕಾಣುವುದಿಲ್ಲ. ಈ ಎರಡು ಕತ್ತಲೆಗಳ ನಡುವೆ ಎಷ್ಟೋ ಮಂದಿ ತರುಣರ ಒಳ್ಳೆಯ ವರ್ಷಗಳು ಕಳೆದುಹೋಗುತ್ತಿವೆ. ಕಾಣದುದನ್ನು ಕಾಣುವಂತೆ ಮಾಡುವ ಬಗೆ ಹೇಗೆಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮಿಂದಲೇ ಆದ ತಪ್ಪೊಂದನ್ನು ಒಪ್ಪಿಕೊಳ್ಳುವೆವು. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಶೀಲಪತ್ರವನ್ನು ಬೇಡಿಕೊಂಡು ಮನೆಗೆ ಬಂದನು. ವ್ಯಾಕರಣದಲ್ಲಿ ಅವನು ಅಷ್ಟಕ್ಕಷ್ಟೆ. ಆದರೆ ಶಾಲೆಯ ಕೆಟ್ಟುಹೋದ ನೀರೆತ್ತುವ ಪಂಪನ್ನು ಬಿಚ್ಚಿ, ಅದರ ಒಳಗನ್ನೆಲ್ಲ ಜಮಖಾನದ ಮೇಲೆ ಸಾಲಾಗಿ ಹರಡಿ, ಸಂಜೆಯೊಳಗೆ ಮರಳಿ ಜೋಡಿಸಿ ನೀರು ಬರಿಸಿದವನು ಅವನೇ. ಆ ದಿನ ನಾವು ಅದನ್ನು ಬರೆಯಲಿಲ್ಲ. ಎಲ್ಲರಿಗೂ ಬರೆಯುತ್ತಿದ್ದ ನಾಲ್ಕು ಪಂಕ್ತಿಗಳನ್ನೇ ಬರೆದೆವು: ಈತನನ್ನು ನಾವು ಇಷ್ಟು ವರ್ಷಗಳಿಂದ ಬಲ್ಲೆವು, ಸದ್ವರ್ತನೆಯುಳ್ಳವನು, ಪರಿಶ್ರಮಿ, ಶ್ರೇಯಸ್ಸನ್ನು ಕೋರುತ್ತೇವೆ. ಅದು ಸಾಲದೆಂಬಂತೆ, ಕಾರ್ಖಾನೆಯ ಕಡೆಗೆ ಹೋಗಬೇಕೆಂದಿದ್ದ ಹುಡುಗನಿಗೆ, “ಸರಕಾರಿ ಕೆಲಸಕ್ಕೆ ಪರೀಕ್ಷೆ ಕಟ್ಟು, ಅದೇ ಭದ್ರ” ಎಂದು ಉಪದೇಶವನ್ನೂ ಮಾಡಿದೆವು. ಗುರುವಿನ ಮಾತೆಂದು ಅವನು ಎಂಟು ವರ್ಷ ಪರೀಕ್ಷೆಗಳನ್ನು ಕಟ್ಟಿದನು. ಒಂದರಲ್ಲಿಯೂ ಆಯ್ಕೆಯಾಗಲಿಲ್ಲ. ಮುಂದೆ ಅವನ ಗತಿ ಏನಾಯಿತೆಂಬುದನ್ನು ಕಡೆಯಲ್ಲಿ ಹೇಳುವೆವು.

ಯೋಗ್ಯರನ್ನು ಆರಿಸುವುದು ಹೇಗೆಂಬ ಪ್ರಶ್ನೆಯು ಇಂದಿನದಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ, ತಂಜಾವೂರು ಪ್ರಾಂತದಿಂದ ಬಂದ ಗ್ರಂಥಲಿಪಿಯ ತಾಳೆಯೋಲೆಯ ಕಟ್ಟೊಂದು ಸಿಕ್ಕಿತು. ಹೆಸರು ಮಾತ್ರ ಕೇಳಿಬರುತ್ತಿದ್ದು ಮೂಲವು ಕಳೆದುಹೋಯಿತೆಂದು ವಿದ್ವಾಂಸರು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಅದೇ. ಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಪ್ರಕಟಿಸಿ, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಆ ಗ್ರಂಥದ ಮೊದಲನೆಯ ಅಧಿಕರಣದಲ್ಲಿ ಅಮಾತ್ಯರನ್ನು ನೇಮಿಸುವ ಪ್ರಕರಣವೊಂದಿದೆ. ಅದನ್ನು ಓದಿದರೆ ಈ ಕಾಲದ ಯಾವುದೋ ಕಂಪೆನಿಯ ನೇಮಕದ ಸಮಿತಿಯು ನಮ್ಮೆದುರಿಗೇ ಕುಳಿತು ಚರ್ಚಿಸುತ್ತಿರುವಂತೆ ತೋರುವುದು.

ಸಹಪಾಠಿಗಳನ್ನೇ ನೇಮಿಸಿಕೊಳ್ಳಲಿ, ಅವರ ಶಕ್ತಿಯೂ ಶುದ್ಧಿಯೂ ಅರಸನಿಗೆ ತಿಳಿದಿರುತ್ತದೆ ಎಂದು ಭಾರದ್ವಾಜನ ಮತ. ಕೂಡದು, ಜತೆಯಲ್ಲಿ ಆಡಿದವರು ಒಡೆಯನನ್ನು ಲಕ್ಷಿಸುವುದಿಲ್ಲವೆಂದು ವಿಶಾಲಾಕ್ಷನು ಆಕ್ಷೇಪಿಸುವನು. ಪ್ರಾಣಕ್ಕೆ ಅಪಾಯ ಬಂದಾಗ ನೆರವಾದವರು ಬೇಕೆಂದು ಪರಾಶರರ ಪಕ್ಷ. ಅದು ಭಕ್ತಿಯೇ ಹೊರತು ಬುದ್ಧಿಯಲ್ಲವೆಂದು ಪಿಶುನನ ಉತ್ತರ. ತಂದೆ ತಾತಂದಿರ ಕಾಲದಿಂದ ಸೇವೆಯಲ್ಲಿರುವ ವಂಶದವರೇ ಮೇಲೆಂದು ಕೌಣಪದಂತನು ಹೇಳಿದರೆ, ಅಂಥವರು ಎಲ್ಲವನ್ನೂ ವಶಪಡಿಸಿಕೊಂಡು ತಾವೇ ಯಜಮಾನರಂತೆ ನಡೆಯುವರು, ಆದುದರಿಂದ ನೀತಿಶಾಸ್ತ್ರವನ್ನು ಬಲ್ಲ ಹೊಸಬರನ್ನು ತರಬೇಕೆಂದು ವಾತವ್ಯಾಧಿಯು ವಾದಿಸುವನು. ಆಗ ಬಾಹುದಂತೀಪುತ್ರನು ಎದ್ದು, ಶಾಸ್ತ್ರವನ್ನು ಬಲ್ಲವನಾದರೂ ಅದೃಷ್ಟಕರ್ಮನಾದವನು ಕಾರ್ಯಕಾಲದಲ್ಲಿ ಎದೆಗುಂದುವನೆಂದು ಎಚ್ಚರಿಸುವನು. ಅದೃಷ್ಟಕರ್ಮನೆಂದರೆ ದುರ್ದೈವಿಯಲ್ಲ, ಕೆಲಸವನ್ನು ಕಣ್ಣಾರೆ ಕಂಡು ಕೈಯಾರೆ ಮಾಡದವನು. ಕೊನೆಗೆ ಕೌಟಿಲ್ಯನು, ಇವರು ಹೇಳಿದುದೆಲ್ಲವೂ ಒಂದೊಂದು ಪಕ್ಷದಲ್ಲಿ ಸರಿಯೇ. ಆದರೆ ಪುರುಷನ ಸಾಮರ್ಥ್ಯವನ್ನು ನಿರ್ಣಯಿಸತಕ್ಕದ್ದು ಅವನು ಮಾಡಬಲ್ಲ ಕಾರ್ಯದಿಂದಲೇ ಎಂದು ತೀರ್ಮಾನಿಸುತ್ತಾನೆ.

ಮುಂದಿನ ಅಧ್ಯಾಯದಲ್ಲಿ ಹೇಳಿರುವುದು ಇನ್ನೂ ಸೂಕ್ಷ್ಮವಾದುದು. ಯಾವ ಗುಣವನ್ನು ಯಾರಿಂದ ತಿಳಿಯಬೇಕೆಂದು ಅಲ್ಲಿ ವಿಂಗಡಿಸಿದೆ. ಹುಟ್ಟಿದ ನಾಡನ್ನು ನಂಬಿಕೆಯ ಬಂಧುಮಿತ್ರರಿಂದ, ವಿದ್ಯೆಯನ್ನೂ ಶಿಲ್ಪವನ್ನೂ ಅದೇ ವಿದ್ಯೆಯನ್ನು ಬಲ್ಲವರಿಂದ, ಬುದ್ಧಿಯನ್ನೂ ದಕ್ಷತೆಯನ್ನೂ ಕೈಗೆತ್ತಿಕೊಂಡ ಕೆಲಸದಲ್ಲಿ, ಮಾತಿನ ಚಾತುರ್ಯವನ್ನು ಸಂಭಾಷಣೆಯಲ್ಲಿ, ತಾಳ್ಮೆಯನ್ನು ಕಷ್ಟಕಾಲದಲ್ಲಿ, ಶುಚಿತ್ವವನ್ನು ವ್ಯವಹಾರದಲ್ಲಿ, ಶೀಲವನ್ನೂ ಆರೋಗ್ಯವನ್ನೂ ಜತೆಯಲ್ಲಿ ವಾಸಿಸುವವರಿಂದ ಪರೀಕ್ಷಿಸಬೇಕಂತೆ. ಸಂಭಾಷಣೆಯಿಂದ ತಿಳಿಯುವುದು ಮಾತಿನ ಶಕ್ತಿಯೊಂದೇ ಎಂಬುದನ್ನು ಗಮನಿಸಬೇಕು. ಅರ್ಧ ಗಂಟೆಯ ಸಂದರ್ಶನದಲ್ಲಿ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಅಳೆದೆವೆಂದು ತಿಳಿಯುವ ಅಧಿಕಾರಿಗಳು ಇದನ್ನು ಆಗಾಗ ನೆನೆಯುವುದು ಒಳ್ಳೆಯದು. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರಿಬ್ಬರು ಎಂಬತ್ತೈದು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಮನಸ್ಸಿಗೆ ಬಂದಂತೆ ಮಾತನಾಡಿಸುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಕ್ರಮದ ಪ್ರಶ್ನೆಗಳನ್ನು ಕೇಳುವ ಸಂದರ್ಶನವೂ, ಕೆಲಸದ ಒಂದು ತುಣುಕನ್ನು ಕೊಟ್ಟು ಮಾಡಿಸಿ ನೋಡುವ ಪರೀಕ್ಷೆಯೂ ಮೇಲೆಂದು ಕಂಡುಬಂತು.

ಹೀಗಿದ್ದರೂ ನಮ್ಮ ನಾಡಿನಲ್ಲಿ ಬೇರೂರಿದುದು ಲಿಖಿತ ಪರೀಕ್ಷೆಯೇ. ಅದಕ್ಕೆ ಕಾರಣವಿಲ್ಲದಿಲ್ಲ. ಬೇಕಾದವರಿಗೆ ಕೆಲಸವನ್ನು ಹಂಚುತ್ತಿದ್ದ ಕಾಲದಲ್ಲಿ, ಹೆಸರು ನೋಡದೆ ಅಂಕ ನೋಡುವ ಪರೀಕ್ಷೆಯು ನ್ಯಾಯದ ಬಾಗಿಲಾಗಿ ತೋರಿತು. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ 1883ರಿಂದ 1901ರವರೆಗಿನ ಕಾಲದಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆಯು ಬಂತು. ಆದರೆ ಆ ಬಾಗಿಲವರೆಗೆ ನಡೆದುಬರಲು ಶಾಲೆಯ ದಾರಿಯೇ ಇಲ್ಲದವರ ಪಾಡೇನು? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕಾಗಿಯೇ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಬ್ರಾಹ್ಮಣೇತರರಿಗೆ ಸಲ್ಲಬೇಕೆಂದು ಆ ಸಮಿತಿಯು ಸಲಹೆಯಿತ್ತಿತು. ನಮ್ಮ ಮನೆತನವು ಮೊದಲಿಂದಲೂ ಓದಿನ ಅನುಕೂಲವಿದ್ದವರ ಸಾಲಿಗೆ ಸೇರಿದ್ದುದು. ಆದ್ದರಿಂದ, ಎಲ್ಲರಿಗೂ ಒಂದೇ ಪ್ರಶ್ನಪತ್ರಿಕೆಯನ್ನು ಕೊಟ್ಟ ಮಾತ್ರಕ್ಕೆ ಸಮತೆಯಾಗುವುದಿಲ್ಲವೆಂಬುದನ್ನು ಹೇಳುವುದು ನಮಗೆ ಕರ್ತವ್ಯವೆಂದು ತೋರುತ್ತದೆ.

ಪರೀಕ್ಷೆಯನ್ನು ನಾವು ಹಳಿಯುತ್ತಿಲ್ಲ. ಸರಕಾರಿ ಸೇವೆಯನ್ನು ಬಯಸುವವರು ಅವಶ್ಯವಾಗಿ ಪ್ರಯತ್ನಿಸಲಿ. ಆದರೆ ಸ್ಥಾನಗಳು ಕೆಲವು, ಅಭ್ಯರ್ಥಿಗಳು ಸಹಸ್ರಾರು. ಇಷ್ಟು ಸಲ, ಇಷ್ಟು ವಯಸ್ಸಿನವರೆಗೆ ಎಂದು ಮನೆಯವರೆಲ್ಲ ಕುಳಿತು ಮೊದಲೇ ಗೊತ್ತುಮಾಡಿಕೊಂಡು, ಆ ಅವಧಿಯಲ್ಲಿಯೂ ಕೈಗೆ ಬೇರೊಂದು ಕಸುಬನ್ನು ಹಚ್ಚಿಕೊಳ್ಳುವುದು ಯುಕ್ತ. ಎಂಟು ವರ್ಷ ಓದಿದವನ ಬಳಿ ಕೊನೆಗೆ ತೋರಿಸುವುದಕ್ಕೆ ಪ್ರವೇಶಪತ್ರಗಳ ಕಟ್ಟು ಮಾತ್ರ ಉಳಿಯಬಾರದು. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ಭತ್ಯೆಯೊಡನೆ ತರಬೇತಿ ಪಡೆಯುವ ಅವಕಾಶವಿದೆ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇದನ್ನು ಏಕೋ ಹೀನವೆಂದು ಎಣಿಸುವರು. ಅದೃಷ್ಟಕರ್ಮನು ದೃಷ್ಟಕರ್ಮನಾಗುವುದಕ್ಕೆ ಇದಕ್ಕಿಂತ ನೇರವಾದ ದಾರಿಯನ್ನು ನಾವು ಕಾಣೆವು.

ಇನ್ನು ಎರಡನೆಯ ಕತ್ತಲೆ: ಕೆಲಸವು ಎಲ್ಲಿದೆಯೆಂಬುದು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಉದ್ಯೋಗ ಒದಗಿಸುವ ಸಲುವಾಗಿ 1945ರಲ್ಲಿ ನಮ್ಮ ದೇಶದಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ಏರ್ಪಾಡಾಯಿತು. ನಾವು ತರುಣರಾಗಿದ್ದಾಗ ಆ ಕಚೇರಿಯ ಕಾರ್ಡು ಮಾಡಿಸಿ, ಕಾಲಕಾಲಕ್ಕೆ ನವೀಕರಿಸಿ, ಅಂಚೆಯವನ ದಾರಿ ಕಾಯುತ್ತಿದ್ದೆವು. ಈಗ 2015ರಿಂದ ಕೇಂದ್ರ ಸರಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಎಂಬ ಅಂತರ್ಜಾಲದ ವ್ಯವಸ್ಥೆಯಿದೆ. ಖಾಸಗಿಯವರವು ಇನ್ನೂ ಅನೇಕ. ಒಂದು ರಾತ್ರಿಯಲ್ಲಿ ಐವತ್ತು ಅರ್ಜಿಗಳನ್ನು ಕಳುಹಿಸಬಹುದು, ಐವತ್ತಕ್ಕೂ ಉತ್ತರವಿಲ್ಲದಿರಬಹುದು. ಅನೇಕ ದೊಡ್ಡ ಕಂಪೆನಿಗಳಲ್ಲಿ ಅರ್ಜಿಗಳನ್ನು ಮೊದಲು ಜಾಲಿಸುವುದು ಯಂತ್ರವೇ. ಎಲ್ಲರಿಗೂ ಒಂದೇ ಅರ್ಜಿಯನ್ನು ಕಳುಹಿಸಿದವನು, ಎಲ್ಲರಿಗೂ ಒಂದೇ ಶೀಲಪತ್ರವನ್ನು ಬರೆದ ನಮ್ಮಂತೆಯೇ ತಪ್ಪು ಮಾಡುತ್ತಾನೆ. ಆ ಹುದ್ದೆಗೆ ಏನು ಬೇಕೆಂದು ಓದಿ, ಅದಕ್ಕೆ ತಾನು ಮಾಡಿದ ಯಾವ ಕೆಲಸವು ಹೊಂದುವುದೆಂದು ನೋಡಿ, ಅದನ್ನು ಮೊದಲಿಗೆ ಬರೆದ ಐದು ಅರ್ಜಿಗಳು, ಕಣ್ಣುಮುಚ್ಚಿ ಕಳುಹಿಸಿದ ಐವತ್ತಕ್ಕಿಂತ ಮೇಲು.

ಅರ್ಜಿಗಿಂತ ಮುಂದಾಗಿ ನಡೆಯುವುದು ಬಾಯಿಮಾತು. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನು ಪ್ರಕಟಿಸಿದ ಲೇಖನವೊಂದು ಇಂದಿಗೂ ಪ್ರಸಿದ್ಧವಾಗಿದೆ. ಬಾಸ್ಟನ್ ನಗರದ ಸಮೀಪದ ನ್ಯೂಟನ್ ಎಂಬ ಊರಿನಲ್ಲಿ ಆಗತಾನೆ ಕೆಲಸ ಬದಲಾಯಿಸಿದ್ದವರನ್ನು ಆತನು ವಿಚಾರಿಸಿದನು. ಪರಿಚಿತರ ಮೂಲಕ ಕೆಲಸದ ಸುದ್ದಿಯನ್ನು ತಿಳಿದವರಲ್ಲಿ, ಆ ಪರಿಚಿತರನ್ನು ಪದೇಪದೇ ನೋಡುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಆಗಾಗ ನೋಡುತ್ತಿದ್ದವರು ಸುಮಾರು 56, ಅಪರೂಪಕ್ಕೆ ನೋಡುತ್ತಿದ್ದವರು ಸುಮಾರು 28. ಕಾರಣವು ಸುಲಭವಾಗಿಯೇ ಇದೆ. ಆಪ್ತಮಿತ್ರರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ದೂರದ ಪರಿಚಿತನು ಬೇರೊಂದು ಕೇರಿಯ ಗಾಳಿಯನ್ನು ತರುತ್ತಾನೆ. 2022ರಲ್ಲಿ ಎರಡು ಕೋಟಿಗೂ ಮಿಕ್ಕ ಜನರ ಸಂಬಂಧಗಳನ್ನು ಅಂತರ್ಜಾಲದ ಮೂಲಕ ಪರೀಕ್ಷಿಸಿದ ಇನ್ನೊಂದು ಸಂಶೋಧನೆಯೂ, ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಪರಿಚಯಗಳೇ ಉದ್ಯೋಗಕ್ಕೆ ಹೆಚ್ಚು ಸಹಾಯಕವೆಂದು ತಿಳಿಸಿತು.

ಇದರಿಂದ ವಶೀಲಿಯನ್ನು ಹಿಡಿಯಬೇಕೆಂಬ ಅರ್ಥವನ್ನು ಯಾರೂ ಮಾಡಬಾರದು. ಸುದ್ದಿಯನ್ನು ತಿಳಿಸುವುದು ಬೇರೆ, ಯೋಗ್ಯನನ್ನು ತಳ್ಳಿ ತನ್ನವನನ್ನು ಕೂರಿಸುವುದು ಬೇರೆ. ಮೊದಲನೆಯದು ಸಾಮಾಜಿಕ ಧರ್ಮ, ಎರಡನೆಯದು ಕಳ್ಳತನ. ಕೆಲಸ ಹುಡುಕುವವರು ಸಂಕೋಚವನ್ನು ಬಿಟ್ಟು, ಹಳೆಯ ಸಹಪಾಠಿಗೆ, ಒಂದು ಕಾಲದ ನೆರೆಯವರಿಗೆ, ವರ್ಷಕ್ಕೊಮ್ಮೆ ಮದುವೆಯಲ್ಲಿ ಸಿಕ್ಕುವ ಬಂಧುವಿಗೆ, “ನನಗೆ ಇಂಥ ಕೆಲಸ ಬರುತ್ತದೆ, ಎಲ್ಲಿಯಾದರೂ ಬೇಕೆಂದು ಕೇಳಿದರೆ ತಿಳಿಸಿ” ಎಂದು ಒಂದು ಮಾತು ಹೇಳಿಡಲಿ. ಮಕ್ಕಳನ್ನು ಸಾಕುವುದಕ್ಕಾಗಿ ಕೆಲವು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಆ ವರ್ಷಗಳನ್ನು ಅವರು ಅಪರಾಧವೆಂಬಂತೆ ಬಚ್ಚಿಡಬೇಕಾದುದಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಮೊದಲೇ ಹಣ ಕಟ್ಟಿದರೆ ನೇಮಕದ ಪತ್ರವನ್ನು ಕಳುಹಿಸುವೆವೆಂದು ಮೊಬೈಲಿನಲ್ಲಿ ಹೇಳುವವರು ಮೋಸಗಾರರೆಂದೇ ತಿಳಿಯಬೇಕು. ನಿಜವಾದ ಕಂಪೆನಿಯು ಸಂಬಳ ಕೊಡುತ್ತದೆ, ಕೇಳುವುದಿಲ್ಲ. ಯಾರಾದರೂ ಈ ಬಲೆಗೆ ಬಿದ್ದು ಹಣ ಕಳೆದುಕೊಂಡರೆ ನಾಚಿಕೊಂಡು ಕೂರದೆ ಒಡನೆಯೇ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡತಕ್ಕದ್ದು.

ಕೆಲಸವು ಸಿಕ್ಕಿತೆನ್ನೋಣ. ಆಗ ಮನೆಯವರು ಹೋಳಿಗೆ ಮಾಡಿ, “ಇನ್ನು ಜೀವಮಾನಕ್ಕೆ ಚಿಂತೆಯಿಲ್ಲ” ಎನ್ನುವುದು ವಾಡಿಕೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು ಸ್ಥಾಪಿತವಾಯಿತು. ನಮ್ಮ ಬಾಲ್ಯದಲ್ಲಿ ಅಲ್ಲಿ ಕೆಲಸ ಸಿಕ್ಕುವುದೆಂದರೆ ಮನೆತನಕ್ಕೇ ಗೌರವ. ಮದುಮಗನ ಕೈಗೆ ಅಲ್ಲಿಯ ಗಡಿಯಾರ ಬೇಕೇಬೇಕು. 2016ರಲ್ಲಿ ಸರಕಾರವು ಆ ಗಡಿಯಾರದ ಕಂಪೆನಿಯನ್ನು ಮುಚ್ಚುವುದಕ್ಕೆ ಒಪ್ಪಿಗೆ ಕೊಟ್ಟಿತು. ಕಾಲವನ್ನು ತೋರಿಸುವ ವಸ್ತುವನ್ನು ಮಾಡುತ್ತಿದ್ದ ಸಂಸ್ಥೆಯೂ ಕಾಲಕ್ಕೆ ಒಳಗಾಯಿತು. ಅಂದಮೇಲೆ ಭದ್ರತೆಯು ಸಂಸ್ಥೆಯಲ್ಲಿದೆಯೆಂದು ನಂಬುವುದು ಎಷ್ಟರ ಮಟ್ಟಿಗೆ ಸರಿ? ಅದು ಮನುಷ್ಯನ ಕೈಯಲ್ಲಿಯೂ ಕಲಿಯುವ ಬುದ್ಧಿಯಲ್ಲಿಯೂ ಇರಬೇಕಾಗುತ್ತದೆ.

ನಮ್ಮ ಹಿಂದಿನವರು ಇದನ್ನು ಬಲ್ಲವರಾಗಿದ್ದರು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರುವು ಅಧ್ಯಯನವನ್ನು ಬಿಡಬೇಡವೆಂದು ಉಪದೇಶಿಸುವುದು ಗುರುಕುಲಕ್ಕೆ ಬಂದ ಬಾಲಕನಿಗಲ್ಲ. ಓದು ಮುಗಿಸಿ ಮನೆಗೆ ಹೊರಟು ನಿಂತವನಿಗೆ. ವಿದ್ಯೆಯಲ್ಲಿ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಬುದ್ಧಿಯಿಂದ, ಕಾಲುಭಾಗ ಜತೆಯವರಿಂದ ಬರುವುದೆಂದೂ, ಉಳಿದ ಕಾಲುಭಾಗವು ಕಾಲಕ್ರಮದಲ್ಲಿ ಒದಗುವುದೆಂದೂ ಹಿರಿಯರ ಲೆಕ್ಕವುಂಟು. ಪದವಿಯ ಪತ್ರದಲ್ಲಿರುವುದು ಮೊದಲಿನ ಕಾಲುಭಾಗ ಮಾತ್ರ. ಮಿಕ್ಕುದನ್ನು ಕೆಲಸದ ನಡುವೆಯೇ ಗಳಿಸಬೇಕು. ಮಾಸ್ತಿಯವರು ಮೈಸೂರು ಸಿವಿಲ್ ಸರ್ವಿಸಿನ ಅಧಿಕಾರವನ್ನು 1943ರಲ್ಲಿ ಬಿಟ್ಟರು. ಮರುವರ್ಷವೇ ‘ಜೀವನ’ ಪತ್ರಿಕೆಯ ಭಾರವನ್ನು ಹೊತ್ತರು. ಅಧಿಕಾರವು ಮುಗಿದೊಡನೆ ಅವರ ಕೆಲಸವು ಮುಗಿಯಲಿಲ್ಲ.

ಈಗಿನವರಿಗೆ ಅನುಕೂಲಗಳಿಗೇನೂ ಕಡಮೆಯಿಲ್ಲ. ಬೆಂಗಳೂರಿನ ವಿಜ್ಞಾನಮಂದಿರವೂ ದೇಶದ ಐ.ಐ.ಟಿ.ಗಳೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳೂ, 2017ರಲ್ಲಿ ಪ್ರಾರಂಭವಾದ ಸ್ವಯಂ ಎಂಬ ವ್ಯವಸ್ಥೆಯ ಪಾಠಗಳೂ ಶುಲ್ಕವಿಲ್ಲದೆ ಮನೆಯಲ್ಲಿಯೇ ದೊರೆಯುತ್ತವೆ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಗೆ ಹಣ ಕಟ್ಟಿದರಾಯಿತು. ಆದರೆ ಪಾಠಗಳನ್ನು ಪ್ರಾರಂಭಿಸಿ ಬಿಡುವ ಚಪಲವೂ ಹೊಸದಾಗಿ ಹುಟ್ಟಿದೆ. ವರ್ಷಕ್ಕೆ ಒಂದೇ ವಿಷಯವನ್ನು ಹಿಡಿದು, ದಿನಕ್ಕೆ ಒಂದು ಗಂಟೆ ಕೂತು, ಕೊನೆಯಲ್ಲಿ ಕೈಯಿಂದ ಏನಾದರೊಂದನ್ನು ಮಾಡಿ ತೋರಿಸುವಂತಾದರೆ ಅದು ಕಲಿತಂತೆ. ಆ ಒಂದು ಗಂಟೆಯನ್ನು ಬಿಡಿಸಿಕೊಡುವುದರಲ್ಲಿ ಮನೆಯವರ ಪಾಲೂ ಉಂಟು. ಸೊಸೆಯು ಓದುವುದಕ್ಕೆ ಕುಳಿತಾಗ ಒಲೆಯ ಕಡೆಯ ಕೆಲಸವನ್ನು ಮತ್ತೊಬ್ಬರು ನೋಡಿಕೊಂಡರೆ ಮನೆಯೇನೂ ಮುಳುಗದು. ಕೆಲಸವಿಲ್ಲದೆ ಕುಳಿತ ಮಗನನ್ನು ದಿನವೂ “ಏನಾಯಿತು?” ಎಂದು ಕೇಳುವ ಬದಲು, “ಇವೊತ್ತು ಏನು ಕಲಿತೆ?” ಎಂದು ಕೇಳಿದರೆ ಊಟದ ಹೊತ್ತಿನಲ್ಲಿ ಅವನು ತಲೆ ತಗ್ಗಿಸಿ ಕೂರಬೇಕಾಗುವುದಿಲ್ಲ.

ಪ್ರಾರಂಭದಲ್ಲಿ ಹೇಳಿದ ವಿದ್ಯಾರ್ಥಿಯ ಸಮಾಚಾರವನ್ನು ಈಗ ಹೇಳಬೇಕು. ನಮ್ಮ ನಿವೃತ್ತಿಯ ದಿನ ಅವನು ಹಣ್ಣುಕಾಯಿಯೊಡನೆ ಬಂದು ನಮಸ್ಕಾರ ಮಾಡಿದನು, ತಲೆ ನರೆತಿತ್ತು. ಪರೀಕ್ಷೆಗಳ ಆಸೆಯನ್ನು ಬಿಟ್ಟಮೇಲೆ, ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಕಾಣುತ್ತಿದ್ದ ಸಹಪಾಠಿಯ ಭಾವನೊಬ್ಬನಿಂದ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಆಳು ಬೇಕಾಗಿದೆಯೆಂದು ತಿಳಿಯಿತಂತೆ. ಅಲ್ಲಿಯ ಯಜಮಾನನು ಪತ್ರಗಳನ್ನು ನೋಡಲೇ ಇಲ್ಲವಂತೆ. ಹಿಡಿದುಕೊಂಡಿದ್ದ ಮೋಟಾರೊಂದನ್ನು ಮುಂದಿಟ್ಟು, “ಬಿಚ್ಚು, ನೋಡೋಣ” ಎಂದನಂತೆ. ಅಂದಿನಿಂದ ಅಲ್ಲಿಯೇ ನೆಲೆನಿಂತು, ನಲವತ್ತು ದಾಟಿದ ಮೇಲೆ ರಾತ್ರಿಯ ತರಗತಿಗೆ ಹೋಗಿ, ಕಂಪ್ಯೂಟರಿನಿಂದ ನಡೆಯುವ ಲೇತಿನ ಕೆಲಸವನ್ನು ಕಲಿತು, ಈಗ ಹನ್ನೆರಡು ಮಂದಿಗೆ ಅದನ್ನು ಕಲಿಸುತ್ತಿದ್ದಾನೆ. ಇಷ್ಟನ್ನೂ ಹೇಳಿ, ಜೇಬಿನಿಂದ ಮಡಿಸಿದ ಹಳೆಯ ಕಾಗದವೊಂದನ್ನು ತೆಗೆದನು. ನಾವು ಬರೆದ ಶೀಲಪತ್ರವೇ ಅದು. “ಸಾರ್, ಇದರಲ್ಲಿ ನಾನು ಎಲ್ಲಿಯೂ ಇಲ್ಲ” ಎಂದು ನಕ್ಕನು. ಕೋಪವಿಲ್ಲದ ಮಾತು, ಆದರೂ ಆ ಎಂಟು ವರ್ಷಗಳು ನಮ್ಮ ಎದೆಗೆ ನಾಟಿದವು.

ಅವನು ಜತೆಯಲ್ಲಿ ಕರೆತಂದಿದ್ದ ಮಗಳು ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದಳು. ಅವಳೂ ನಮ್ಮ ಶಾಲೆಯಲ್ಲಿಯೇ ಓದಿದವಳು. “ಇವಳಿಗೂ ಒಂದು ಪತ್ರ ಬೇಕು ಸಾರ್, ಈ ಸಲ ನೋಡಿ ಬರೆಯಿರಿ” ಎಂದನು. ಕೂಡಲೇ ಕೊಡುವುದಿಲ್ಲ, ಎರಡು ದಿನ ಬೇಕೆಂದೆವು. ಅವಳಿಗೆ ಗಣಿತವನ್ನು ಕಲಿಸಿದವರನ್ನು ವಿಚಾರಿಸಿದೆವು. ಜತೆಯಲ್ಲಿ ಪ್ರಯೋಗ ಮಾಡಿದ ಗೆಳತಿಯನ್ನು ಕೇಳಿದೆವು. ಅವಳು ಬರೆದ ನಕ್ಷೆಗಳನ್ನು ತರಿಸಿ, ಅವುಗಳನ್ನು ಬಲ್ಲ ಮಿತ್ರರಿಗೆ ತೋರಿಸಿದೆವು. ಲೆಕ್ಕದಲ್ಲಿ ತಪ್ಪು ಬಂದರೆ ಮುಚ್ಚಿಡದೆ ಮೊದಲಿಂದ ಮಾಡುವ ಸ್ವಭಾವದವಳೆಂದು ಮೂವರೂ ಹೇಳಿದರು. ಅದನ್ನೇ ಬರೆದೆವು. ಪತ್ರವು ಎಂಟು ಪಂಕ್ತಿಯಾಯಿತು. ನಮ್ಮ ವೃತ್ತಿಯ ಮೂವತ್ತೈದು ವರ್ಷಗಳಲ್ಲಿ ನಾವು ಬರೆದ ಮೊದಲನೆಯ ನಿಜವಾದ ಶೀಲಪತ್ರವು ನಿವೃತ್ತರಾದ ಮೇಲೆ ಬರೆದುದೇ ಎಂದು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಈ ಪತ್ರಿಕೆಯನ್ನು ಓದುವವರಲ್ಲಿ ಉಪಾಧ್ಯಾಯರಿರುವಿರಿ, ಕಚೇರಿಗಳಲ್ಲಿ ಆಳುಗಳನ್ನು ಆರಿಸುವವರಿರುವಿರಿ, ಮಕ್ಕಳ ಕೆಲಸಕ್ಕಾಗಿ ಹಂಬಲಿಸುವ ತಾಯಿತಂದೆಗಳಿರುವಿರಿ. ಯಾರಾದರೂ ತರುಣರು ನಿಮ್ಮ ಬಾಗಿಲಿಗೆ ಬಂದಾಗ, ಅವರ ಕೈಯಲ್ಲಿರುವ ಕಾಗದವನ್ನು ನೋಡುವುದಕ್ಕೆ ಮುಂಚೆ ಅವರು ಏನು ಮಾಡಬಲ್ಲರೆಂದು ಒಂದು ಗಳಿಗೆ ನಿಂತು ನೋಡಿ. ಕಂಡುದನ್ನು ಕಂಡಂತೆ ನಾಲ್ಕು ಜನರಿಗೆ ಹೇಳಿ. ಅಷ್ಟಾದರೆ, ನಾವು ಅದೃಷ್ಟವೆಂದು ಕರೆಯುತ್ತಿರುವುದರಲ್ಲಿ ಒಂದಿಷ್ಟಾದರೂ ದೃಷ್ಟವಾದೀತು.